ಕೆಂಚವೀರಪ್ಪನವರ ಬಾಯಿಮಾತು

ಮಗಳನ್ನು ನೋಡಲು ಹರಿಹರದವರು ಬರುವ ದಿನ ಬೆಳಿಗ್ಗೆ ಸರ್ವಮಂಗಳಮ್ಮ ಗಂಡನ ಮುಂದೆ ಕಾಫಿ ಲೋಟ ಇಟ್ಟು ಹೇಳಿದ್ದು ಒಂದೇ ಮಾತು.

"ಇವತ್ತೊಂದಿನ ಸಿನಿಮಾ ಮಾತಾಡಬ್ಯಾಡ್ರಿ."

ಕೆಂಚವೀರಪ್ಪ ಲೋಟ ಎತ್ತಿಕೊಂಡು, "ನಾನು ಕೂತ್ರೆ ಕಟ್ಟೆ, ಎದ್ರೆ ಕೆರೆ" ಅಂದರು. ಅದೂ ಸಿನಿಮಾದ್ದೇ. ಸರ್ವಮಂಗಳಮ್ಮ ಹಣೆ ಚಚ್ಚಿಕೊಳ್ಳಲಿಲ್ಲ, ಬೈಯಲೂ ಇಲ್ಲ. ಗಂಡನ ಮುಖವನ್ನೇ ಒಂದು ಗಳಿಗೆ ನೋಡಿ ಒಳಗೆ ಹೋದರು.

ಕೆಂಚವೀರಪ್ಪ ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ದಲಾಲಿ ಮಂಡಿ ಇಟ್ಟವರು. ಆನಗೋಡು ಕಡೆಯ ರೈತರು ಮೆಕ್ಕೆಜೋಳ ತಂದು ಇವರ ಮಂಡಿಯ ಮುಂದೆ ಸುರಿದರೆ, ಇವರು ಕೊಳ್ಳುವವರನ್ನು ಕರೆದು ದರ ಕುದುರಿಸಿ ಕೊಡಬೇಕು. ಆ ದಂಧೆಯೆಲ್ಲ ಬಾಯಿಮಾತಿನ ಮೇಲೆ ನಿಂತದ್ದು. ಒಪ್ಪಿದ ಮೇಲೆ ದರ ಬಿತ್ತೆಂದು ಕೊಳ್ಳುವವನು ಹಿಂದೆ ಸರಿಯುವಂತಿಲ್ಲ, ಏರಿತೆಂದು ರೈತ ಚೀಲ ಎತ್ತುವಂತಿಲ್ಲ. ನಡುವೆ ನಿಂತ ದಲಾಲಿಯೇ ಮಾತು ತಪ್ಪಿದನೆಂದರೆ ಕಥೆ ಮುಗಿದಂತೆ. ಅವನ ಮಂಡಿಯ ಮುಂದೆ ಟ್ರ್ಯಾಕ್ಟರ್ ನಿಲ್ಲುವುದಿಲ್ಲ.

ಇಂಥ ಮನುಷ್ಯನಿಗೆ ಸಿನಿಮಾ ಹುಚ್ಚು ಹತ್ತಿದ್ದು ಐವತ್ತು ದಾಟಿದ ಮೇಲೆ. ಹಿಂದಿನ ವರ್ಷ ಆ ಸಿನಿಮಾ ಬಂದಾಗ ಮಂಡಿಯಲ್ಲಿ ತೂಕ ಮಾಡುವ ಮಕ್ತುಮ್ ಸಾಬ್ ಕೈಹಿಡಿದು ಎಳೆದುಕೊಂಡು ಹೋಗಿ ತೋರಿಸಿದ್ದ. ಅದಕ್ಕೆ ಏನೋ ಒಂದು ಹೆಸರಿತ್ತು, ಪೋಸ್ಟರಿನ ಮೇಲೆ ದೊಡ್ಡದಾಗಿಯೇ ಬರೆದಿದ್ದರು. ಆದರೆ ದಾವಣಗೆರೆಯಲ್ಲಿ ಅದನ್ನು ಯಾರೂ ಆ ಹೆಸರಿನಿಂದ ಕರೆಯಲಿಲ್ಲ. ತೂಕದ ಸಿನಿಮಾ ಅಂತಲೇ ಕರೆದರು. ಅದರಲ್ಲಿ ಊರು ನುಂಗುವ ಸಾಹುಕಾರನೊಬ್ಬ ಪ್ರತಿಸಲ ಮೋಸದ ತಕ್ಕಡಿ ಇಳಿಸಿ, ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡು, "ತೂಕ ಆಯ್ತು, ಮಾತು ಮುಗೀತು" ಅನ್ನುತ್ತಾನೆ. ಅಷ್ಟೇ. ಊರಿಗೆ ಊರೇ ಆ ಮಾತನ್ನು ಬಾಯಿಗೆ ಹಾಕಿಕೊಂಡಿತು.

ಅದೇ ವರ್ಷ ಅದಕ್ಕಿಂತ ದೊಡ್ಡ ಸಿನಿಮಾಗಳು ಬಂದು ಹೋದವು. ಅವುಗಳಲ್ಲಿ ನಾಯಕ ಗುಡ್ಡದ ಮೇಲೆ ನಿಂತು ಮಾರುದ್ದ ಭಾಷಣ ಬಿಗಿದ. ಜನ ಶಿಳ್ಳೆ ಹೊಡೆದರು, ಮನೆಗೆ ಬಂದು ಉಂಡು ಮಲಗಿದರು, ಮರೆತರು. ಯಾಕೆಂದರೆ ಆ ಮಾತು ಹೇಳಬೇಕಾದರೆ ಗುಡ್ಡವೂ ಬೇಕು, ಗಾಳಿಗೆ ಹಾರುವ ಕೂದಲೂ ಬೇಕು. ತೂಕದ ಸಿನಿಮಾದ ಮಾತಿಗೆ ಏನೂ ಬೇಕಾಗಿರಲಿಲ್ಲ. ದೋಸೆ ಹೋಟೆಲಿನವನು ಕೊನೆಯ ದೋಸೆ ಮಗುಚಿ, "ತೂಕ ಆಯ್ತು, ಮಾತು ಮುಗೀತು" ಅನ್ನಬಹುದು. ಚಿಲ್ಲರೆ ಇಲ್ಲದ ಕಂಡಕ್ಟರ್ ಅದೇ ಸಾಹುಕಾರನ ಇನ್ನೊಂದು ಮಾತು ಹಿಡಿದು, "ನಿನ್ನ ಲೆಕ್ಕ ದೇವರ ಹತ್ರ ಐತೆ, ನನ್ನ ಹತ್ರ ಬರೀ ಚಿಲ್ರೆ" ಅನ್ನುತ್ತಿದ್ದ, ಆ ಚಿಲ್ಲರೆಯೂ ಇರುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಎಂಥ ಪುಕ್ಕಲನ ಬಾಯಿಗೂ ಹಿಡಿಸುವ ಅಳತೆ ಅದು. ಹೇಳಿದವನಿಗೆ ಒಂದು ಗತ್ತು, ಕೇಳಿದವನಿಗೆ ಒಂದು ನಗು, ಯಾರಿಗೂ ನೋವಿಲ್ಲ.

ಯಾರಿಗೂ ನೋವಿಲ್ಲ ಅಂತ ಆಗ ಎಲ್ಲರೂ ತಿಳಿದಿದ್ದರು, ಕೆಂಚವೀರಪ್ಪನವರಂತೂ ತುಸು ಹೆಚ್ಚಾಗಿಯೇ ತಿಳಿದಿದ್ದರು.

ಹರಿಹರದ ಸಂಬಂಧ ಅವರ ಮಗಳು ರಶ್ಮಿತಾಳಿಗೆ ಬಂದದ್ದು. ಹುಡುಗ ಮಹಾಂತೇಶ್‌ನಿಗೆ ತಂದೆ ಇಲ್ಲ, ದೊಡ್ಡಪ್ಪ ಉಜ್ಜಿನಪ್ಪನವರೇ ಎಲ್ಲ. ಹರಿಹರದಲ್ಲಿ ರೈಸ್ ಮಿಲ್ಲು, ಮಲೆಬೆನ್ನೂರಿನ ಹತ್ತಿರ ನೀರಾವರಿ ಗದ್ದೆ, ಮಾತಾಡಿದರೆ ನಾಲ್ಕು ಜನ ಸುಮ್ಮನಾಗುವಂಥ ಮನುಷ್ಯ. ಅಂಥವರ ಬೀಗತನ ಸಿಕ್ಕರೆ ಯಾರ್ಡಿನಲ್ಲಿ ಕೆಂಚವೀರಪ್ಪನವರ ಶಲ್ಯಕ್ಕೆ ಇನ್ನೊಂದು ಮಡಿಕೆ ಹೆಚ್ಚು ಬೀಳುತ್ತಿತ್ತು. ಜೊತೆಗೆ ಮಗಳು ಬಸ್ಸು ಹತ್ತಿ ಕೂತರೆ ಪೇಪರ್ ಓದಿ ಮುಗಿಸುವಷ್ಟರಲ್ಲಿ ತಲುಪುವ ದೂರದಲ್ಲಿರುತ್ತಾಳೆ. ಅವರ ಆಸೆಯಲ್ಲಿ ಜಂಬವೂ ಇತ್ತು, ಪ್ರೀತಿಯೂ ಇತ್ತು. ಯಾವುದು ಎಷ್ಟು ಎಂದು ಅವರು ವಿಂಗಡಿಸಿ ನೋಡಿರಲಿಲ್ಲ.

ರಶ್ಮಿತಾ ಮಾತ್ರ ಹಿಂದಿನ ರಾತ್ರಿ ಊಟಕ್ಕೆ ಬಡಿಸುತ್ತಾ ಅಪ್ಪನಿಗೆ ನೇರ ಹೇಳಿದ್ದಳು. "ಮಲೆಬೆನ್ನೂರಿನ ಗೃಹಪ್ರವೇಶದಾಗ ಆ ಹುಡುಗನ್ನ ನೋಡೀನಿ ಅಪ್ಪಾಜಿ. ಇನ್ನೊಂದು ಹೋಳಿಗೆ ಬೇಕಾ ಅಂತ ಕೇಳಿದ್ರೆ ದೊಡ್ಡಪ್ಪನ ಮುಖ ನೋಡಿದ. ಬರ್ಲಿ, ಮಾತಾಡ್ತೀನಿ. ಆದ್ರೆ ನನ್ನ ಕೇಳ್ದೆ ನೀವು ಹೂಂ ಅನ್ಬ್ಯಾಡ್ರಿ."

"ನಿನ್ನ ಕೇಳ್ದೆ ಮಾತು ಕೊಡ್ತೀನಾ ಮಗಳೆ" ಎಂದಿದ್ದರು ಕೆಂಚವೀರಪ್ಪ. ಸಿನಿಮಾದ್ದಲ್ಲ, ಅವರದೇ ಮಾತು. ಅವಳು ಅದನ್ನು ನಂಬಿ ನೆಮ್ಮದಿಯಾಗಿ ನಿದ್ದೆ ಮಾಡಿದ್ದಳು.

ಹರಿಹರದವರು ಬಂದರು. ಉಜ್ಜಿನಪ್ಪ, ಮಹಾಂತೇಶ್, ಜೊತೆಗೆ ಅವರ ಕಡೆಯ ಇಬ್ಬರು ಹಿರಿಯರು. ಬರ್ರಿ, ಕೂಡ್ರಿ, ಕೈಕಾಲಿಗೆ ನೀರು, ಎಲ್ಲ ಆಯಿತು. ಅವಲಕ್ಕಿ, ಬಾಳೆಹಣ್ಣು ಬಂದವು. ಉಜ್ಜಿನಪ್ಪ ಹೆಚ್ಚು ತಿನ್ನಲಿಲ್ಲ. ಗೋಡೆ, ಕಪಾಟು, ದೇವರ ಮನೆಯ ಬಾಗಿಲು, ಎಲ್ಲದರ ಮೇಲೂ ಕಣ್ಣಾಡಿಸುತ್ತಾ ಕೂತರು. ಭತ್ತದ ರಾಶಿಯ ಮುಂದೆ ನಿಂತಾಗಲೂ ಅವರು ಹೀಗೆಯೇ ನೋಡುತ್ತಾರೆಂದು ಕೆಂಚವೀರಪ್ಪನವರಿಗೆ ಗೊತ್ತಿತ್ತು.

ರಶ್ಮಿತಾ ಬಂದು ಚಾಪೆಯ ಮೇಲೆ ಕೂತಳು. ಓದು, ಅಡಿಗೆ, ಪೂಜೆಯ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟಳು. ಆಮೇಲೆ ತಲೆಯೆತ್ತಿ ಮಹಾಂತೇಶ್‌ನನ್ನೇ ಕೇಳಿದಳು. "ನಿಮಗೆ ಈ ಸಂಬಂಧ ಇಷ್ಟ ಐತಾ?"

ಹುಡುಗ ಬಾಯಿ ತೆರೆದ. "ಅವನ ಇಷ್ಟ ಬ್ಯಾರೆ, ನಂದು ಬ್ಯಾರೆ ಅಂತ ಇಲ್ಲಮ್ಮ ನಮ್ಮ ಮನ್ಯಾಗೆ" ಎಂದರು ಉಜ್ಜಿನಪ್ಪ. ಹುಡುಗ ಬಾಯಿ ಮುಚ್ಚಿದ. ರಶ್ಮಿತಾ ಅಪ್ಪನ ಕಡೆ ಒಂದು ಸಲ ನೋಡಿ, ನಮಸ್ಕಾರ ಮಾಡಿ ಒಳಗೆ ಹೋದಳು. ಅವಳ ಉತ್ತರ ಆ ನೋಟದಲ್ಲೇ ಇತ್ತು, ಕೆಂಚವೀರಪ್ಪನವರಿಗೆ ಅದು ಅರ್ಥವೂ ಆಯಿತು.

"ಮತ್ತೆ? ನಮಗೆ ಒಪ್ಪಿಗೆ ಐತೆ. ನೀವೇನಂತೀರಿ ಕೆಂಚವೀರಪ್ಪನೋರೆ?" ಉಜ್ಜಿನಪ್ಪ ಕೇಳಿದರು.

ಮಗಳನ್ನು ಕೇಳಿ ಹೇಳುತ್ತೇನೆ ಎಂದರೆ ಸಾಕಿತ್ತು. ಆ ಮಾತು ನಾಲಗೆಯ ತುದಿಗೆ ಬಂದಿತ್ತು ಕೂಡ. ಆದರೆ ಇಬ್ಬರು ಹಿರಿಯರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮಗಳ ಮಾತಿಗೆ ಕಾಯುವ ಗಂಡಸು ಎಂದು ನಗುತ್ತಾರೇನೋ ಎಂಬ ಅಳುಕು. ಮಿಲ್ಲಿನ ಉಜ್ಜಿನಪ್ಪ ಎದ್ದು ಹೋದರೆ ಮತ್ತೆ ಬರುವವರಲ್ಲ ಎಂಬ ಭಯ. ಹೂಂ ಅನ್ನುವಂತಿಲ್ಲ, ಊಹೂಂ ಅನ್ನಲು ಮನಸ್ಸಿಲ್ಲ. ಆಗ ಕೆಂಚವೀರಪ್ಪನವರ ಕೈ ತಾನಾಗಿ ಶಲ್ಯಕ್ಕೆ ಹೋಯಿತು. ಕೊಡವಿದರು, ಹೆಗಲಿಗೆ ಹಾಕಿಕೊಂಡರು.

"ತೂಕ ಆಯ್ತು, ಮಾತು ಮುಗೀತು."

ಹಿರಿಯರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಹಾಂತೇಶ್ ಕೂಡ ನಕ್ಕ, ಆ ದಿನ ಅವನ ಗಂಟಲಿನಿಂದ ಬಂದ ಮೊದಲ ಸದ್ದು ಅದು. ಅದು ಸಿನಿಮಾದ ಮಾತೆಂದು ಅಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಉಜ್ಜಿನಪ್ಪನವರಿಗೂ ಗೊತ್ತಿತ್ತು. ಆದರೆ ಅವರು ನಗಲಿಲ್ಲ. ತಟ್ಟೆಯಲ್ಲಿದ್ದ ಸಕ್ಕರೆಯನ್ನು ಚಿಟಿಕೆಯಲ್ಲಿ ಎತ್ತಿ ಕೆಂಚವೀರಪ್ಪನವರ ಬಾಯಿಯ ಹತ್ತಿರ ಹಿಡಿದು, "ಮುಗೀತು ಅಂದ ಮ್ಯಾಲೆ ಮುಗೀತು. ಬಾಯಿ ತೆಗೀರಿ ಬೀಗರೆ" ಎಂದರು.

ಕೆಂಚವೀರಪ್ಪ ಬಾಯಿ ತೆರೆದರು. ಇದನ್ನು ಯಾರೂ ಅವರಿಂದ ಬಲವಂತವಾಗಿ ಮಾಡಿಸಲಿಲ್ಲ. ಸಕ್ಕರೆ ನುಂಗಿದರು, ಎಲೆ ಅಡಿಕೆ ಕೈಬದಲಾಯಿತು, ಬರುವ ಸೋಮವಾರ ಹರಿಹರದಲ್ಲಿ ನಿಶ್ಚಿತಾರ್ಥವೆಂದು ಗೊತ್ತುಮಾಡಿದ್ದಾಯಿತು. ತಲೆಯೆತ್ತಿದಾಗ ಒಳಬಾಗಿಲಲ್ಲಿ ರಶ್ಮಿತಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕೇಳುವ ಧೈರ್ಯ ಅವರಿಗಾಗಲಿಲ್ಲ.

ಹರಿಹರದವರ ಕಾರು ತಿರುವು ದಾಟಿತು. ಸರ್ವಮಂಗಳಮ್ಮ ಅಡಿಗೆಮನೆಯ ಕಂಬಕ್ಕೆ ಒರಗಿ ಕೂತಿದ್ದರು. ಕೆಂಚವೀರಪ್ಪನವರೇ ಮಾತು ತೆಗೆದರು.

"ಏ, ತಮಾಷಿಗೆ ಅಂದೆ. ಸಿನಿಮಾ ಡೈಲಾಗ್ ಅದು, ಎಲ್ಲಾರ್ಗೂ ಗೊತ್ತು."

"ತಮಾಷಿಗೆ ಅಂದಿದ್ರೆ ಸಕ್ಕರೆ ಯಾಕ ತಿಂದ್ರಿ?" ರಶ್ಮಿತಾ ಕೇಳಿದಳು. ದನಿ ಏರಿರಲಿಲ್ಲ. "ನಿಮಗೆ ಈ ಸಂಬಂಧ ಬೇಕಾಗಿತ್ತು. ನನ್ನ ಮುಂದೆ ಹೇಳಾಕೆ ಬಾಯಿ ಬರ್ಲಿಲ್ಲ. ಅದಕ್ಕೆ ಸಿನಿಮಾದವನ ಬಾಯಾಗ ಹೇಳಿಸಿದ್ರಿ. ನಾಳೆ ಯಾರಾದ್ರೂ ಕೇಳಿದ್ರೆ ನಾನಲ್ಲ, ಅವನು ಅಂದಿದ್ದು ಅಂತ ಹೇಳ್ಬಹುದಲ್ಲ. ಆ ಮಾತು ಎಲ್ಲಾರ್ಗೂ ಯಾಕ ಅಷ್ಟು ಇಷ್ಟ ಅಂತ ನಂಗೆ ಇವತ್ತು ಗೊತ್ತಾತು ಅಪ್ಪಾಜಿ."

ಕೆಂಚವೀರಪ್ಪನವರಿಗೆ ಸಿಟ್ಟು ಬಂತು. ಇಷ್ಟುದ್ದ ಮಾತಾಡಲು ಯಾರು ಕಲಿಸಿದರು ಎಂದು ಗದರಲು ಹೊರಟರು. ಗದರಲು ಹುಡುಕಿದ ಮಾತೂ ಸಿನಿಮಾದ್ದೇ ಸಿಕ್ಕಿತು. ಅದನ್ನು ನುಂಗಿಕೊಂಡರು. ಮಗಳು ಹೇಳಿದ್ದು ಅಕ್ಷರಶಃ ಸತ್ಯ, ಅದೇ ಅವರನ್ನು ಸುಟ್ಟಿದ್ದು.

"ಸೋಮವಾರ ನಾನು ಬರ್ತೀನಿ. ನೀವು ಕೂಡ್ರು ಅಂದಲ್ಲಿ ಕೂಡ್ರ್ತೀನಿ. ಆದ್ರೆ ಇನ್ ಮ್ಯಾಲೆ ನೀವು ಹೇಳಿದ್ದನ್ನ ನಂಬಲ್ಲ" ಎಂದು ಹೇಳಿ ಅವಳು ಎದ್ದು ಹೋದಳು.

ಅತ್ತಿದ್ದರೆ, ಊಟ ಬಿಟ್ಟಿದ್ದರೆ ಸಮಾಧಾನ ಮಾಡಬಹುದಿತ್ತು. ಆಕೆ ಎಂದಿನಂತೆ ಕಾಲೇಜಿಗೆ ಹೋದಳು, ಬಂದಳು, ಬಡಿಸಿದಳು. ಅಪ್ಪನ ಸಿನಿಮಾ ಮಾತಿಗೆ ಮೊದಲೆಲ್ಲ ಕಿಸಕ್ಕನೆ ನಗುತ್ತಿದ್ದವಳು ಈಗ ಅವರು ಮಳೆ ಬಂತು ಎಂದರೂ ಕಿಟಕಿಯಿಂದ ಹೊರಗೆ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು.

ಶನಿವಾರ ಮಂಡಿಯಲ್ಲಿ ಮಕ್ತುಮ್ ಸಾಬ್‌ಗೆ ಎಲ್ಲ ಹೇಳಿದರು. ಸಿನಿಮಾ ತೋರಿಸಿದ ಪಾಪ ತನ್ನದೇ ಎಂಬಂತೆ ಅವನು ತಲೆ ತಗ್ಗಿಸಿ ಕೇಳಿದ.

"ಸುದ್ದಿ ಯಾರ್ಡ್ ತುಂಬಾ ಆಗೈತೆ ಸಾವ್ಕಾರ್ರೆ. ಉಜ್ಜಿನಪ್ಪನೋರು ನಿಮಗೆ ಬೀಗರಾದ್ರಂತೆ ಅಂತ ಎಲ್ಲಾ ಕೇಳ್ತಾ ಅದಾರೆ. ಈಗ ಇಲ್ಲ ಅಂದ್ರೆ ಅವ್ರು ಸುಮ್ನೆ ಬಿಡಲ್ಲ. ಸಕ್ಕರೆ ತಿಂದು ಮಾತು ಮುರಿದ ದಲಾಲಿ ಅಂತಾರೆ. ರೈತ್ರು ಅಷ್ಟು ಕೇಳಿದ್ರೆ ಸಾಕು."

"ಅಜ್ಜ ತೀರಿಕೊಂಡ್ರು, ನಿಶ್ಚಿತಾರ್ಥ ಮುಂದೂಡ್ರಿ ಅಂತ ಹೇಳ್ಲಾ?"

"ನಿಮ್ಮಜ್ಜ ತೀರಿಕೊಂಡು ಎಷ್ಟ್ ವರ್ಷ ಆತು?"

ಇಬ್ಬರಿಗೂ ನಗು ಬರಲಿಲ್ಲ. ಕೆಂಚವೀರಪ್ಪ ಶಲ್ಯ ತೆಗೆದು ಗೂಟಕ್ಕೆ ಹಾಕಿ, ಬರಿ ಹೆಗಲಲ್ಲಿ ಬಸ್ ಸ್ಟ್ಯಾಂಡಿಗೆ ನಡೆದರು.

ಹರಿಹರದ ಬಸ್ಸು ದೊಡ್ಡಬಾತಿ ದಾಟುವವರೆಗೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತಿದ್ದರು. ಕಟ್ಟಿದ್ದೆಲ್ಲ ಯಾವುದೋ ಸಿನಿಮಾದ ಅಪ್ಪ ಮಗಳಿಗಾಗಿ ಅಂಗಲಾಚುವಂತೆ ಕೇಳಿಸಿ ಅವರಿಗೇ ಅಸಹ್ಯವಾಯಿತು. ಇಷ್ಟು ವರ್ಷ ಬಾಯಿಮಾತಿನ ಮೇಲೆ ಬದುಕಿದ ಮನುಷ್ಯನಿಗೆ ಬೇಕಾದ ದಿನ ತನ್ನದೆನ್ನುವ ಒಂದು ಮಾತು ಸಿಗಲಿಲ್ಲ. ಹರಿಹರ ಬಂದೇ ಬಿಟ್ಟಿತು.

ಉಜ್ಜಿನಪ್ಪನವರ ಪಡಸಾಲೆಯಲ್ಲಿ ಸೋಮವಾರದ ಸಿದ್ಧತೆ ನಡೆದಿತ್ತು. ಅವತ್ತಿನ ಇಬ್ಬರು ಹಿರಿಯರೂ ಇದ್ದರು, ಮಿಲ್ಲಿಗೆ ಭತ್ತವನ್ನೂ ಇವರ ಮಂಡಿಗೆ ಮೆಕ್ಕೆಜೋಳವನ್ನೂ ಹಾಕುವ ಸಾರಥಿ ಊರಿನ ರೈತರೂ ಕೆಲವರು ಕೂತಿದ್ದರು. ಒಳಗೆ ಬಾಗಿಲ ಪಕ್ಕ ಮಹಾಂತೇಶ್ ನಿಂತಿದ್ದ.

"ಬರ್ರಿ ಬೀಗರೆ, ಕೂಡ್ರಿ."

ಕೆಂಚವೀರಪ್ಪ ಕೂಡಲಿಲ್ಲ. "ನಿಶ್ಚಿತಾರ್ಥ ಬ್ಯಾಡ್ರಿ. ಈ ಸಂಬಂಧ ಆಗಲ್ಲ" ಎಂದರು.

ಉಜ್ಜಿನಪ್ಪ ಎಲೆಗೆ ಸುಣ್ಣ ಸವರುತ್ತಿದ್ದವರು ಸವರುತ್ತಲೇ ಇದ್ದರು. ಎಲೆ ಮಡಿಸಿ, ಬಾಯಿಗೆ ಹಾಕಿಕೊಳ್ಳದೆ ತಟ್ಟೆಯಲ್ಲಿ ಇಟ್ಟರು.

"ಕರೆದವ್ರಿಗೆಲ್ಲ ಹೇಳ್ಯಾಗೈತೆ. ಊರಿಗೆ ನಾನೊಂದು ಕಾರಣ ಕೊಡ್ಬೇಕು" ಎಂದರು. "ಎರಡೇ ದಾರಿ ಅದಾವೆ. ಹುಡುಗಿ ಸರಿ ಇಲ್ಲ, ಗಂಡಸ್ರು ಕೂತಲ್ಲಿ ಎದುರು ಮಾತಾಡ್ತಾಳೆ, ನಾವೇ ಬಿಟ್ವಿ ಅಂತೀನಿ. ನಿಮ್ಮ ಮಂಡಿಗೆ ಏನೂ ಆಗಲ್ಲ, ನನ್ನ ಮಾಲೂ ನಿಮಗೇ ಕಳಿಸ್ತೀನಿ. ಇಲ್ಲಾಂದ್ರೆ ನೀವು ಈ ರೈತ್ರ ಮುಂದೆ ನಿಂತು, ಮಾತು ತಪ್ಪಿದೋನು ನಾನು ಅಂತ ಹೇಳ್ಬೇಕು. ಯಾವ್ದು ಹೇಳ್ರಿ."

ಎರಡನೆಯದನ್ನು ಇವರು ಆರಿಸುವುದಿಲ್ಲವೆಂಬ ನಂಬಿಕೆ ಅವರ ಮುಖದಲ್ಲಿತ್ತು. ದಲಾಲಿಯಾದವನು ಯಾರೂ ಆರಿಸುವುದಿಲ್ಲ. ಹಿರಿಯರಲ್ಲೊಬ್ಬರು ಪಾಪ, ಒಳ್ಳೆಯ ಮನಸ್ಸಿನಿಂದಲೇ, "ಅದು ಸಿನಿಮಾ ಮಾತಲ್ಲೇನ್ರಿ, ನಗಾಡ್ಕೊಂಡು ಅಂದಿದ್ರಪ್ಪ. ಹಂಗಂತ ಹೇಳಿಬಿಡ್ರಿ, ಎಲ್ಲಾರೂ ನಕ್ಕು ಬಿಟ್ಟುಬಿಡಾಣ" ಎಂದರು.

ಪಾರಾಗುವ ಬಾಗಿಲು ತೆರೆದೇ ಇತ್ತು. ಹೌದು ಎಂದಿದ್ದರೆ ಸಾಕು, ಮಗಳ ಹೆಸರೂ ಉಳಿಯುತ್ತಿತ್ತು, ಮಂಡಿಯೂ ಉಳಿಯುತ್ತಿತ್ತು. ಕೆಂಚವೀರಪ್ಪನವರ ಕೈ ಬರಿ ಹೆಗಲ ಮೇಲೆ ಹೋಯಿತು. ಅಲ್ಲಿ ಹಿಡಿಯಲು ಏನೂ ಸಿಗಲಿಲ್ಲ. ಮನೆಗೆ ಹೋಗಿ, ಸಿನಿಮಾ ಮಾತು ಅಂತ ಹೇಳಿ ತಪ್ಪಿಸಿಕೊಂಡು ಬಂದೆ ಎಂದು ಮಗಳಿಗೆ ಹೇಗೆ ಹೇಳುವುದು? ಅವಳು ಕಿಟಕಿಯ ಕಡೆ ನೋಡುತ್ತಾಳೆ, ಅಷ್ಟೇ.

"ಇಲ್ರಿ" ಎಂದರು. "ಸಿನಿಮಾದವನು ಬಂದಿರ್ಲಿಲ್ಲ ನಮ್ಮ ಮನಿಗೆ. ಮಗಳನ್ನ ಕೇಳ್ದೆ ಹೇಳಾದಿಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೆ, ಅದನ್ನ ತಪ್ಪಿದೆ. ನಿಮ್ಮ ಕೈಯಾಗಿನ ಸಕ್ಕರೆ ತಿಂದೆ, ಇವತ್ತು ಇದನ್ನೂ ತಪ್ಪಿದೆ. ಅವಳದೇನೂ ಇಲ್ಲ ಇದ್ರಾಗೆ." ರೈತರ ಕಡೆ ತಿರುಗಿದರು. "ಹೇಳಿದ ಬಾಯೂ ನಂದೇ, ತಪ್ಪಿದ ಬಾಯೂ ನಂದೇ."

ಯಾರೋ ಒಬ್ಬ ರೈತ ಹಿಂದಿನಿಂದ ಕಿಸಕ್ಕೆಂದ. ಇನ್ನೊಬ್ಬ ಅದನ್ನೇ ಮೆಲ್ಲಗೆ ಉಚ್ಚರಿಸಿ ನೋಡಿದ. ಉಜ್ಜಿನಪ್ಪ ಅಂಗಳದ ಕಡೆ ಕೈ ತೋರಿಸಿದರು. ಮೆಟ್ಟಿಲಿಳಿದು ಚಪ್ಪಲಿ ಮೆಟ್ಟುವಾಗ ಮಹಾಂತೇಶ್ ಬಾಗಿಲ ತನಕ ಬಂದು, ಏನೋ ಹೇಳಬೇಕೆಂದು ನಿಂತು, ದೊಡ್ಡಪ್ಪ ಕೆಮ್ಮಿದ್ದಕ್ಕೆ ಒಳಗೆ ಹೋದ. ಕೆಂಚವೀರಪ್ಪನವರಿಗೆ ಆ ಹುಡುಗನ ಮೇಲೆ ಮೊದಲ ಸಲ ಮರುಕ ಬಂತು.

ಮನೆಗೆ ಬಂದು, "ಮುರಿದು ಬಂದೆ" ಎಂದಷ್ಟೇ ಹೇಳಿದರು. ರಶ್ಮಿತಾ ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಸೋಮವಾರ ಬಂದು, ಯಾರೂ ಕರೆಯದೆ ಕಳೆದುಹೋದ ಮೇಲೆ ನಂಬಿರಬೇಕು. ಪಡಸಾಲೆಯಲ್ಲಿ ನಡೆದದ್ದನ್ನು ಅವರು ಹೇಳಲಿಲ್ಲ, ಅವಳು ಕೇಳಲಿಲ್ಲ. ಅಪ್ಪ ಮಗಳ ನಡುವೆ ಆ ಜಾಗ ಹಾಗೇ ಖಾಲಿ ಉಳಿಯಿತು.

ಮಂಡಿಯ ಮುಂದಿನ ಜಾಗವೂ ಖಾಲಿ ಬಿತ್ತು. ಮೊದಲು ಸಾರಥಿ ಕಡೆಯವರು, ಆಮೇಲೆ ಆನಗೋಡಿನವರು, ಪಕ್ಕದ ಮಂಡಿಯ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿ ಇವರ ಕಡೆ ನೋಡದೆ ಬೀಡಿ ಹಚ್ಚಿದರು. ಹಳೆಯ ಕೆಲವರು ಮಾತ್ರ ಬಿಡಲಿಲ್ಲ. ಮಕ್ತುಮ್ ಸಾಬ್ ಮಧ್ಯಾಹ್ನದ ಹೊತ್ತು ಬೇರೆ ಮಂಡಿಗೆ ತೂಕಕ್ಕೆ ಹೋಗತೊಡಗಿದ, ಸಂಜೆ ಬಂದು ಇವರ ಜೊತೆ ಸುಮ್ಮನೆ ಕೂರುತ್ತಿದ್ದ. ಕೆಂಚವೀರಪ್ಪ ಸಿನಿಮಾ ಮಾತು ಆಡುವುದನ್ನು ಬಿಟ್ಟರು. ಬಿಟ್ಟ ಮೇಲೆ ಅವರ ಮಾತು ಕಡಿಮೆಯಾಯಿತು, ಮನೆಯಲ್ಲಿ ಅದನ್ನು ಯಾರೂ ಕೊರತೆಯೆಂದು ಆಡಿ ತೋರಿಸಲಿಲ್ಲ.

ಮುಂದಿನ ಬೇಸಿಗೆಯಲ್ಲೊಂದು ಸಂಜೆ ಅಪ್ಪ ಮಗಳು ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಮಿರ್ಚಿ ತಿನ್ನುತ್ತಾ ನಿಂತಿದ್ದರು. ಪಕ್ಕದಲ್ಲಿ ಕಾಲೇಜು ಹುಡುಗರ ಗುಂಪು. ಅವರಲ್ಲೊಬ್ಬ ಬೈಕು ಕೊಡುತ್ತೇನೆಂದು ಹೇಳಿ ಕೈಕೊಟ್ಟಿದ್ದನಂತೆ, ಉಳಿದವರು ಮುಗಿಬಿದ್ದಿದ್ದರು. ಆ ಹುಡುಗ ಮಿರ್ಚಿ ಕಚ್ಚಿ, ಎದೆಯ ಮೇಲೆ ಕೈಯಿಟ್ಟು ಹೇಳಿದ. "ಹೇಳಿದ ಬಾಯೂ ನಂದೇ, ತಪ್ಪಿದ ಬಾಯೂ ನಂದೇ."

ಗುಂಪು ಗೊಳ್ಳೆಂದಿತು. ಮಂಡಕ್ಕಿ ಕಲಸುತ್ತಿದ್ದವನೂ ನಕ್ಕ. ಹರಿಹರದಲ್ಲಿ, ಮಲೆಬೆನ್ನೂರಿನ ಬಸ್ಸುಗಳಲ್ಲಿ, ಯಾರ್ಡಿನ ಚಹಾದ ಅಂಗಡಿಯಲ್ಲಿ ಆ ಮಾತು ಓಡಾಡುತ್ತಿರುವುದು ಕೆಂಚವೀರಪ್ಪನವರಿಗೆ ಗೊತ್ತಿತ್ತು. ಅಲ್ಲೆಲ್ಲ ಅವರು ಮುಖ ತಿರುಗಿಸಿಕೊಂಡು ನಡೆದಿದ್ದರು. ಇಲ್ಲಿ ಮಗಳು ಪಕ್ಕದಲ್ಲಿದ್ದಳು. ಅವರು ತಿನ್ನುವುದನ್ನು ಬಿಟ್ಟು ಪೊಟ್ಟಣ ಮಡಿಸಿದರು.

"ಇದನ್ನ ಎಲ್ಲಾ ಕಡೆ ಕೇಳೀನಿ. ಯಾವ ಸಿನಿಮಾದ್ದಪ್ಪ ಇದು?" ಮಂಡಕ್ಕಿಯವನು ಕೇಳಿದ.

"ಯಾವುದೋ ಹೊಸಾದು ಇರ್ಬೇಕು. ನಾನು ನೋಡಿಲ್ಲ" ಅಂದ ಹುಡುಗ.

"ಸಿನಿಮಾದ್ದಲ್ಲ ಅದು" ಎಂದಳು ರಶ್ಮಿತಾ.

ಹುಡುಗರು ತಿರುಗಿ ನೋಡಿದರು. ಅಪ್ಪ ತಲೆ ತಗ್ಗಿಸಿದ್ದರು. ಅವಳಿಗೆ ಯಾರು ಹೇಳಿದರು, ಯಾವಾಗ ಹೇಳಿದರು, ಇಷ್ಟು ದಿನ ಗೊತ್ತಿದ್ದೂ ಹೇಗೆ ಸುಮ್ಮನಿದ್ದಳು, ಅವರಿಗೆ ಒಂದೂ ಹೊಳೆಯಲಿಲ್ಲ.

"ನಮ್ಮಪ್ಪಾಜಿ ಹೇಳಿದ್ದು" ಎಂದಳು ಅವಳು. "ನನ್ನ ಸಲುವಾಗಿ."